ರಾಗಿಗೆ ಗುರ್ ಅನ್ನೋದನ್ನ ಮರೆಸಿದ್ದು ನಾನೇ

ಕಳೆದ ವಾರ ಆಫೀಸ್ ಕ್ಯಾಂಟೀನ್‌ನಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳು ಮೊಬೈಲ್ ಮುಂದೆ ಹಿಡಿದು, "ನೋಡಿ, ನಿನ್ನೆ ತಂದ್ವಿ" ಅಂದಳು. ಕಂದು ಬಣ್ಣದ ಪುಟ್ಟ ಮರಿ. ಚಪ್ಪಲಿ ಮೇಲೆ ತಲೆ ಇಟ್ಟು ನಿದ್ದೆ ಹೊಡೀತಿತ್ತು. "ನಿಮ್ಮ ರಾಗಿ ಎಷ್ಟು ಚೆನ್ನಾಗಿ ಮಾತು ಕೇಳ್ತಾಳೆ! ಯಾವ ಟ್ರೈನರ್ ಹತ್ರ ಕಳಿಸಿದ್ರಿ?" ಅಂತ ಕೇಳಿದಳು.

ನನಗೆ ನಗು ಬಂತು, ಆಮೇಲೆ ಸುಮ್ಮನಾದೆ. ಯಾಕಂದ್ರೆ ಒಂದೂವರೆ ವರ್ಷದ ಹಿಂದೆ ಇದೇ ರಾಗಿಯನ್ನ ವಾಪಸ್ ಕೊಟ್ಟುಬಿಡೋಣ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಅವಳು ನನ್ನ ಅಕ್ಕನ ಮಗಳನ್ನ ಕಚ್ಚಿದ್ದಳು. ತಪ್ಪು ಅವಳದ್ದು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ನಿಜ ಏನು ಅಂದ್ರೆ, ಅವಳಿಗೆ ಅದನ್ನ ಕಲಿಸಿದ್ದು ನಾವು. ನಿರ್ದಿಷ್ಟವಾಗಿ ಹೇಳಬೇಕಂದ್ರೆ, ನಾನು.

ಆ ಹುಡುಗಿಗೆ ಊಟದ ಬ್ರೇಕ್‌ನಲ್ಲಿ ಎಲ್ಲ ಹೇಳೋಕಾಗಲಿಲ್ಲ. ಅದಕ್ಕೇ ಈ ಸಲದ ಅಂಕಣ. ಮನೆಗೆ ಮರಿ ತಂದಿರೋರು, ತರಬೇಕು ಅಂತಿರೋರು ನಾನು ಮಾಡಿದ್ದನ್ನೆಲ್ಲ ಓದಿಕೊಂಡು, ಅದನ್ನು ಬಿಟ್ಟು ಬೇರೆ ಮಾಡಿ.

ನಾಲ್ಕು ಗೋಡೆ ಒಳಗೆ ಬೆಳೆಸಿದ್ದು

ರಾಗಿ ನಮ್ಮ ಮನೆಗೆ ಬಂದಿದ್ದು ಒಂದು ಸಂಕ್ರಾಂತಿಯ ಆಸುಪಾಸಿನಲ್ಲಿ. ಕನಕಪುರ ರಸ್ತೆಯಲ್ಲಿ ಬೀದಿನಾಯಿಗಳಿಗೆ ಊಟ ಹಾಕುವ ಆಂಟಿಯೊಬ್ಬರು ಕೊಟ್ಟ ಎರಡು ತಿಂಗಳ ಇಂಡಿ ಮರಿ. ರಾಗಿ ಹಿಟ್ಟಿನ ಬಣ್ಣ, ಅದಕ್ಕೇ ಆ ಹೆಸರು.

ಲಸಿಕೆ ಎಲ್ಲ ಮುಗಿಯೋವರೆಗೂ ಹೊರಗಿನ ನೆಲಕ್ಕೆ ಬಿಡಬೇಡಿ, ಪಾರ್ವೊ ಬರುತ್ತೆ ಅಂತ ಹೇಳಿದ್ದರು. ಅದು ಸರಿಯಾದ ಮಾತು. ಪಾರ್ವೊ ಮರಿಗಳನ್ನ ಕೆಲವೇ ದಿನಗಳಲ್ಲಿ ಕೊಲ್ಲುವ ಕಾಯಿಲೆ. ಆದರೆ ನಾನು 'ನೆಲಕ್ಕೆ ಬಿಡಬೇಡಿ' ಅನ್ನೋದನ್ನ 'ಹೊರಗಿನ ಪ್ರಪಂಚವನ್ನೇ ತೋರಿಸಬೇಡಿ' ಅಂತ ಅರ್ಥ ಮಾಡಿಕೊಂಡೆ. ಎರಡು ತಿಂಗಳು ಅವಳು ನೋಡಿದ್ದು ನನ್ನನ್ನ, ನನ್ನ ಗಂಡನನ್ನ, ಅಮ್ಮನನ್ನ ಮತ್ತು ವಾಷಿಂಗ್ ಮಷೀನನ್ನ. ಅಷ್ಟೇ.

ನಾಯಿಮರಿಗೆ ಸುಮಾರು ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗಿನ ಸಮಯ ತುಂಬ ಮುಖ್ಯ. ಆಗ ಹೆದರಿಕೆಯಿಲ್ಲದೆ ಕಂಡದ್ದನ್ನೆಲ್ಲ ಮನಸ್ಸು 'ಇದು ಮಾಮೂಲಿ' ಅಂತ ಬರೆದುಕೊಳ್ಳುತ್ತೆ. ಆಗ ಕಾಣದೇ ಹೋದದ್ದು ಮುಂದೆ ಸುಲಭವಾಗಿ ಅನುಮಾನದ ಪಟ್ಟಿಗೆ ಸೇರುತ್ತೆ. ನಮ್ಮ ರಾಗಿಯ ಆ ಪಟ್ಟಿ ದೊಡ್ಡದಾಗೇ ಇತ್ತು. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರು, ರೇನ್‌ಕೋಟು, ಲಿಫ್ಟು, ಮತ್ತೆ ಎಲ್ಲಕ್ಕಿಂತ ಮೇಲೆ ಮಕ್ಕಳು. ನಮ್ಮ ಮನೆಯಲ್ಲಿ ಮಕ್ಕಳೇ ಇರಲಿಲ್ಲವಲ್ಲ.

ಮಾಡಬೇಕಾಗಿದ್ದು ಇಷ್ಟೇ: ಮರಿಯನ್ನ ಎತ್ತಿಕೊಂಡೋ, ಬ್ಯಾಗಿನಲ್ಲಿ ಕೂರಿಸಿಕೊಂಡೋ ದಿನಾ ಹತ್ತು ನಿಮಿಷ ಹೊರಗೆ ಹೋಗಬೇಕಿತ್ತು. ಗೇಟಿನ ಹತ್ತಿರ ನಿಂತು ಸ್ಕೂಲ್ ವ್ಯಾನ್, ಹೂವಿನವರು, ತರಕಾರಿ ಗಾಡಿ ತೋರಿಸಬೇಕಿತ್ತು. ನೆಲ ಮುಟ್ಟಿಸದೇನೇ ಲೋಕ ತೋರಿಸಬಹುದು.

ಆದಮೇಲೆ ಬೈದಿದ್ದು

ಎರಡು ತಿಂಗಳ ಮರಿ ಹಗಲಲ್ಲಿ ಹೆಚ್ಚೆಂದರೆ ಎರಡು-ಮೂರು ಗಂಟೆ ಉಚ್ಚೆ ತಡೆದುಕೊಳ್ಳಬಲ್ಲದು. ನನ್ನ ಮೀಟಿಂಗ್‌ಗಳು ಅದಕ್ಕಿಂತ ಉದ್ದ. ರೂಮಿನಿಂದ ಹೊರಗೆ ಬಂದು ನೋಡಿದರೆ ಹಾಲ್ ಮಧ್ಯೆ ಕೆರೆ. ರಾಗಿಯನ್ನ ಅಲ್ಲಿಗೆ ಎಳೆದುಕೊಂಡು ಹೋಗಿ, ತೋರಿಸಿ ಬೈತಿದ್ದೆ. ಅವಳು ಕಿವಿ ಹಿಂದಕ್ಕೆ ಮಾಡಿ, ತಲೆ ತಗ್ಗಿಸಿ, ಬಾಲ ಮುದುರಿಕೊಂಡು ಕೂರ್ತಿದ್ದಳು. "ನೋಡು, ತಪ್ಪು ಮಾಡಿದ್ದು ಗೊತ್ತು ಅವಳಿಗೆ" ಅಂತ ನಾನು ಗಂಡನಿಗೆ ಹೇಳ್ತಿದ್ದೆ.

ಗೊತ್ತಿರಲಿಲ್ಲ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 14 ನಾಯಿಗಳು. ತಿನಿಸು ಮುಂದಿಟ್ಟು 'ತಿನ್ನಬೇಡ' ಅಂತ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ಅವರಿಗೆ ಕೆಲವು ಸಲ ನಿಜ ಹೇಳಿದರು, ಕೆಲವು ಸಲ ಸುಳ್ಳು. ಆ 'ತಪ್ಪಿತಸ್ಥ ಮುಖ' ಬಂದಿದ್ದು ನಾಯಿ ತಿಂದಿದ್ದಕ್ಕಲ್ಲ, ಯಜಮಾನರು ಬೈದಿದ್ದಕ್ಕೆ. ಏನೂ ತಿನ್ನದೇ ಬೈಸಿಕೊಂಡ ನಾಯಿಗಳೇ ಹೆಚ್ಚು ತಪ್ಪು ಮಾಡಿದ ಹಾಗೆ ಕಾಣುತ್ತಿದ್ದವು.

ಅಂದ್ರೆ ರಾಗಿ ಹೇಳ್ತಿದ್ದಿದ್ದು 'ಸಾರಿ' ಅಂತಲ್ಲ, 'ನಿನ್ನ ನೋಡಿದ್ರೆ ಭಯ ಆಗ್ತಿದೆ' ಅಂತ. ಮಾಡಿದ ಕೆಲಸಕ್ಕೂ ಅದರ ಫಲಕ್ಕೂ ನಾಯಿ ಸಂಬಂಧ ಕಲ್ಪಿಸಿಕೊಳ್ಳೋದು ಎರಡೂ ಬೆನ್ನುಬೆನ್ನಿಗೆ ಬಂದಾಗ, ಒಂದೆರಡು ಸೆಕೆಂಡಿನ ಒಳಗೆ. ಅರ್ಧ ಗಂಟೆ ಆದಮೇಲೆ ಬೈದರೆ ಅದು ಕಲಿಯೋದು ಒಂದೇ: ಇವರ ಕಣ್ಣಿಗೆ ಬೀಳೋ ಹಾಗೆ ಮಾಡಬಾರದು. ರಾಗಿ ಸೋಫಾ ಹಿಂದೆ ಹೋಗಿ ಮಾಡೋಕೆ ಶುರು ಮಾಡಿದಳು.

ಸರಿಹೋಗಿದ್ದು ಹೇಗೆ? ಎದ್ದ ತಕ್ಷಣ, ತಿಂದ ತಕ್ಷಣ, ಆಡಿದ ತಕ್ಷಣ ಅವಳಿಗಾಗಿ ಇಟ್ಟ ಜಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಮಾಡಿ ಮುಗಿಸಿದ ಕ್ಷಣದಲ್ಲೇ ಒಂದು ಚೂರು ಬೇಯಿಸಿದ ಚಿಕನ್ ಕೊಟ್ಟಿದ್ದರಿಂದ. ಮೂರು ವಾರದಲ್ಲಿ ಮನೆ ಒಣಗಿತು.

ತಲೆಗೊಂದು ಕಾನೂನು

ನಾನು 'ಸಿಟ್' ಅಂತಿದ್ದೆ. ಗಂಡ 'ಕೂತ್ಕೋ' ಅಂತಿದ್ದರು. ಅಮ್ಮ 'ಕೂರೇ ಸುಮ್ನೆ'. ಕೆಳಗೆ ಸೆಕ್ಯೂರಿಟಿಯವರು 'ಬೈಠ್'. ರಾಗಿ ಎಲ್ಲರನ್ನೂ ಒಂದು ಸಲ ನೋಡಿ, ನಿಂತೇ ಇರ್ತಿದ್ದಳು. ನಾಯಿಗೆ ಹಲವು ಪದ ಕಲಿಸಬಹುದು. ಆದರೆ ಮೊದಲು ಒಂದಾದರೂ ಪದಕ್ಕೆ ಒಂದೇ ಅರ್ಥ ಇರಬೇಕಲ್ಲ?

ಇನ್ನೊಂದು ಊಟದ ಟೇಬಲ್ ವಿಷಯ. ತಿನ್ನುವಾಗ ಏನೂ ಕೊಡಬಾರದು ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೆವು. ಅಮ್ಮ ಮಾತ್ರ ಟೇಬಲ್ ಕೆಳಗಿಂದ ದೋಸೆ ಚೂರು ದಾಟಿಸ್ತಿದ್ದರು. "ಅಪರೂಪಕ್ಕೆ ಒಂದ್ಸಲ ಕೊಟ್ಟೆ ಕಣೇ, ಅದಕ್ಕೇನೀಗ?" ಅಂತ.

ಅಪರೂಪಕ್ಕೆ ಕೊಡೋದೇ ಹೆಚ್ಚು ಕೆಟ್ಟದ್ದು. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿ ಬಿಡದೇ ಪ್ರಯತ್ನ ಮಾಡುತ್ತೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನ ತೋರಿಸಿಕೊಟ್ಟರು. ನಮಗೆ ಅಷ್ಟು ದೂರ ಹೋಗೋದು ಬೇಡ. ಯಾರೂ ಮೆಸೇಜ್ ಮಾಡಿಲ್ಲ ಅಂತ ಗೊತ್ತಿದ್ದೂ ಐದು ನಿಮಿಷಕ್ಕೊಂದು ಸಲ ಫೋನ್ ತೆಗೆದು ನೋಡ್ತೀವಲ್ಲ, ರಾಗಿ ಟೇಬಲ್ ಕೆಳಗೆ ಮಾಡ್ತಿದ್ದಿದ್ದೂ ಅದನ್ನೇ. ಆ ಜಾಗದಲ್ಲಿ ಯಾವಾಗಾದರೂ ಏನಾದರೂ ಬೀಳಬಹುದು, ಬಿದ್ದದ್ದು ತನ್ನದು. ಈ ಪಾಠ ಮುಂದೆ ಎಷ್ಟು ದುಬಾರಿ ಆಯಿತು ಅಂತ ಹೇಳ್ತೀನಿ.

'ಬಾ' ಅನ್ನೋ ಪದ ಕೆಡಿಸಿದ್ದು

'ರಾಗಿ ಬಾ' ಅಂತ ನಾನು ಯಾವಾಗ ಕರೀತಿದ್ದೆ ಅಂತ ಒಂದು ದಿನ ಲೆಕ್ಕ ಹಾಕಿದೆ. ಸ್ನಾನಕ್ಕೆ. ಉಗುರು ಕತ್ತರಿಸೋಕೆ. ಮಾತ್ರೆ ನುಂಗಿಸೋಕೆ. ಪಾರ್ಕಿನಲ್ಲಿ ಆಟ ಜೋರಾಗಿರುವಾಗ ಲೀಶ್ ಹಾಕಿ ಮನೆಗೆ ಎಳೆದುಕೊಂಡು ಹೋಗೋಕೆ. ನನ್ನ ಮ್ಯಾನೇಜರ್ 'ಎರಡು ನಿಮಿಷ ಬಾ' ಅಂತ ಪಿಂಗ್ ಮಾಡಿದಾಗ ನನಗೆ ಹೊಟ್ಟೆಯಲ್ಲಿ ಏನಾಗುತ್ತೋ ರಾಗಿಗೂ ಅದೇ ಆಗ್ತಿತ್ತು. ಕರೆದರೆ ಹತ್ತಡಿ ದೂರ ನಿಂತು, ಕೈಯಲ್ಲಿ ಏನಿದೆ ಅಂತ ನೋಡೋಳು.

ಈಗ ಕೆಡದೇ ಇರೋ ಹೊಸ ಪದ ಇಟ್ಟಿದ್ದೀವಿ: 'ಓಡಿ ಬಾ'. ದಿನಕ್ಕೆ ಐದಾರು ಸಲ ಸುಮ್ಮನೆ ಕರೆದು, ತಿನ್ನೋಕೆ ಏನಾದರೂ ಕೊಟ್ಟು, ಮತ್ತೆ ಆಡೋಕೆ ಬಿಟ್ಟುಬಿಡ್ತೀವಿ. ಸ್ನಾನಕ್ಕೆ ಮಾತ್ರ ನಾವೇ ಅವಳ ಹತ್ತಿರ ಹೋಗ್ತೀವಿ.

'ನಾನೇ ಬಾಸ್' ಅಂತ ತೋರಿಸೋಕೆ ಹೋಗಿದ್ದು

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ರಾಗಿಗೆ ಆರು ತಿಂಗಳಾದಾಗ ನಾನು ರಾತ್ರಿ ಮಲಗೋ ಮುಂಚೆ ನಾಯಿ ತರಬೇತಿಯ ವಿಡಿಯೋ ನೋಡೋಕೆ ಶುರು ಮಾಡಿದೆ. ಎಲ್ಲದರಲ್ಲೂ ಒಂದೇ ಮಾತು. ನಾಯಿ ಅಂದ್ರೆ ತೋಳ, ತೋಳದ ಗುಂಪಿಗೆ ಒಬ್ಬ ಆಲ್ಫಾ, ಮನೆಯಲ್ಲಿ ಆ ಆಲ್ಫಾ ನೀವಾಗಬೇಕು. ಅದು ತಿನ್ನುವಾಗ ತಟ್ಟೆ ಕಿತ್ತುಕೊಳ್ಳಿ, ತಟ್ಟೆಯೊಳಗೆ ಕೈ ಹಾಕಿ, ಸುಮ್ಮನಿರೋದನ್ನ ಕಲಿಯಲಿ.

ಈ ಆಲ್ಫಾ ಕಥೆಯ ಮೂಲ ಆಮೇಲೆ ಓದಿದೆ. ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನ ನೋಡಿ 1947ರಲ್ಲಿ ಬರೆದದ್ದು ಅದರ ಬೇರು. ಅದನ್ನ ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನ ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಅದು ಹಾಗಲ್ಲ ಅಂತ ಬರೆದರು. ಕಾಡಿನ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಪಟ್ಟಕ್ಕಾಗಿ ಜಗಳ ಇಲ್ಲ, ಸಂಸಾರ ಇದೆ. ಅದೂ ಅಲ್ಲದೆ ನಾಯಿ ತೋಳ ಅಲ್ಲ, ನಾನು ಯಾವ ಲೆಕ್ಕದಲ್ಲೂ ತೋಳ ಅಲ್ಲ.

ಆದರೆ ಆಗ ಇದೆಲ್ಲ ಗೊತ್ತಿರಲಿಲ್ಲ. ದಿನಾ ತಟ್ಟೆಗೆ ಕೈ ಹಾಕಿದೆ. ಒಂದು ವಾರ ರಾಗಿ ಸುಮ್ಮನಿದ್ದಳು. ಆಮೇಲೆ ತಟ್ಟೆ ಮೇಲೆ ಬಾಗಿ ಗಬಗಬ ತಿನ್ನೋಕೆ ಶುರು ಮಾಡಿದಳು. ಆಮೇಲೆ ಒಂದು ಸಂಜೆ, ಗಂಟಲಲ್ಲಿ ಸಣ್ಣಗೆ, ಗುರ್ ಅಂದಳು.

ನಾನು ದಿನಪತ್ರಿಕೆ ಸುರುಳಿ ಸುತ್ತಿ ಮೂತಿಗೆ ಹೊಡೆದೆ.

ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಉಣ್ಣೋ ನಾಯಿ ತಂಟೆಗೆ ಯಾರಾದ್ರೂ ಹೋಗ್ತಾರೇನೇ? ಬೇಡ ಅಂತ ಹೇಳ್ತಿದೆ, ಬಿಡು ಅದನ್ನ." ನಾನು, "ಅಮ್ಮ, ಇದು ನಿಮ್ಮೂರಿನ ಹಟ್ಟಿ ನಾಯಿ ಅಲ್ಲ, ಅಪಾರ್ಟ್‌ಮೆಂಟ್‌ನಲ್ಲಿ ಇರ್ಬೇಕು, ಕಲೀಲಿ" ಅಂದೆ.

ಕಲಿತಳು. ಎರಡು ವಾರದಲ್ಲಿ ಗುರ್ ಅನ್ನೋದು ಪೂರ್ತಿ ನಿಂತುಹೋಯಿತು. ನಾನು ಗೆದ್ದೆ ಅಂತ ಸ್ಟೇಟಸ್ ಕೂಡ ಹಾಕಿದ್ದೆ.

ಆ ಕಡುಬು

ಗಣೇಶನ ಹಬ್ಬಕ್ಕೆ ಅಕ್ಕ, ಭಾವ, ಏಳು ವರ್ಷದ ಮಗಳು ಬಂದಿದ್ದರು. ಹೊರಗೆ ತಮಟೆ, ಪಟಾಕಿ. ರಾಗಿ ಬೆಳಗ್ಗೆಯಿಂದ ನಡುಗುತ್ತ ಊಟದ ಟೇಬಲ್ ಕೆಳಗೆ ಸೇರಿಕೊಂಡಿದ್ದಳು. ಪುಟ್ಟಿ ಕೈಯಿಂದ ಕಡುಬು ಜಾರಿ ಕೆಳಗೆ ಬಿತ್ತು. ರಾಗಿ ಅದರ ಮೇಲೆ ಬಾಯಿ ಇಟ್ಟಳು. "ಚಿಕ್ಕಮ್ಮ, ಸಿಹಿ ತಿಂದ್ರೆ ಇದಕ್ಕೆ ಹೊಟ್ಟೆನೋವು ಬರುತ್ತೆ ಅಲ್ವಾ" ಅನ್ನುತ್ತಾ ಮಗು ಬಗ್ಗಿ ಕೈ ಚಾಚಿತು.

ಒಂದು ಸದ್ದಿಲ್ಲ. ಗುರ್ ಇಲ್ಲ, ಹಲ್ಲು ತೋರಿಸಿದ್ದಿಲ್ಲ. ಸೀದಾ ಕಚ್ಚಿದಳು.

ಮಣಿಕಟ್ಟಿನ ಹತ್ತಿರ ಎರಡು ಹಲ್ಲಿನ ಗುರುತು, ರಕ್ತ. ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆವು. ರಾಗಿಗೆ ರೇಬೀಸ್ ಲಸಿಕೆ ಆಗಿತ್ತು. ಆದರೂ ರಕ್ತ ಬಂದ ಗಾಯ ಅಂದಮೇಲೆ ವೈದ್ಯರು ಏನನ್ನೂ ಬಿಡಲಿಲ್ಲ. ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚಿದರು. ತೋಳಿಗೆ ಲಸಿಕೆ ಕೊಟ್ಟರು, ಮತ್ತೆ ಮೂರನೇ ದಿನ, ಏಳನೇ ದಿನ ಅಂತ ಚೀಟಿ ಬರೆದರು. ಪ್ರತಿ ಸಲವೂ ನಾನೇ ಜೊತೆಗೆ ಹೋದೆ. ಅಕ್ಕ ನನ್ನ ಹತ್ತಿರ ಏನೂ ಬೈಯಲಿಲ್ಲ. ಕಾರಿನಲ್ಲಿ ಕಿಟಕಿ ಕಡೆ ನೋಡ್ತಾ ಕೂತಿರ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಕೊಟ್ಟುಬಿಡೋಣ" ಅಂದರು ಗಂಡ. ನಾನು ಆಂಟಿಯ ನಂಬರ್ ತೆಗೆದೆ. ತಿಂಗಳುಗಟ್ಟಲೆ ಮನೆಯೊಳಗೆ ಬೆಳೆದ ನಾಯಿ ಬೀದಿಯಲ್ಲಿ ಎಷ್ಟು ದಿನ ಬದುಕುತ್ತೆ ಅಂತ ಯೋಚನೆ ಬಂತು. ಫೋನ್ ಮಾಡೋ ಮುಂಚೆ ಒಂದು ಸಲ ಪಶುವೈದ್ಯರ ಹತ್ತಿರ ಹೋಗಿ ಬರೋಣ ಅಂದೆ.

ಅವರು ಮೊದಲು ನೋವು ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡಿದರು. ಹಲ್ಲು, ಕಿವಿ, ಸೊಂಟ, ಎಲ್ಲ ಸರಿಯಾಗಿತ್ತು. ಆಮೇಲೆ ಕೇಳಿದರು: "ಮುಂಚೆ ಗುರ್ ಅಂತಿತ್ತಾ?"

"ಅಂತಿತ್ತು ಸಾರ್. ನಾನೇ ಬಿಡಿಸಿದೆ."

ಅವರು ಪೆನ್ನು ಕೆಳಗಿಟ್ಟರು. "ಅಮ್ಮಾ, ಗುರ್ ಅನ್ನೋದು ಬಸ್ಸಿನ ಹಾರ್ನ್ ಇದ್ದ ಹಾಗೆ. ದಾರಿ ಬಿಡಿ ಅಂತ ಹೇಳೋದು. ನೀವು ಹಾರ್ನ್ ಕಿತ್ತು ಹಾಕಿದ್ರಿ. ಬಸ್ಸು ನಿಂತಿಲ್ಲ."

ಮತ್ತೆ ಮೊದಲಿಂದ

ಹೊಡೆದಾಗ ರಾಗಿಯ ಭಯ ಹೋಗಿರಲಿಲ್ಲ, ಭಯವನ್ನ ಹೇಳಿಕೊಳ್ಳೋ ದಾರಿ ಮಾತ್ರ ಮುಚ್ಚಿತ್ತು. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳೋದೂ ಇದನ್ನೇ. ಬೈದು, ಜಗ್ಗಿ ಕಲಿಸುವ ಕಡೆ ಕಲಿತ ನಾಯಿಗಳಲ್ಲಿ ತರಬೇತಿ ಹೊತ್ತಲ್ಲಿ ಒತ್ತಡದ ಲಕ್ಷಣ ಜಾಸ್ತಿ, ತರಬೇತಿ ಮುಗಿದಮೇಲೆ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿಕೆಯೂ ಜಾಸ್ತಿ.

ವೈದ್ಯರು ಹೇಳಿಕೊಟ್ಟ ಕೆಲಸ ನೋಡೋಕೆ ತುಂಬ ಸಣ್ಣದು. ರಾಗಿ ತಿನ್ನುವಾಗ ಅವಳಿಗೆ ತೊಂದರೆ ಅನ್ನಿಸದಷ್ಟು ದೂರದಲ್ಲಿ ನಡೆದು ಹೋಗಬೇಕು. ಹೋಗ್ತಾ ಒಂದು ಚೂರು ಬೇಯಿಸಿದ ಮೊಟ್ಟೆ ಎಸೆದು, ನಿಲ್ಲದೇ ಮುಂದೆ ಹೋಗಬೇಕು. ಮೈ ಬಿಗಿ ಮಾಡಿದಳು ಅಂದ್ರೆ ನಾನು ಹತ್ತಿರ ಬಂದಿದ್ದು ಜಾಸ್ತಿ ಆಯಿತು ಅಂತ ಅರ್ಥ, ಹಿಂದೆ ಸರೀಬೇಕು. ಮೊದಲ ವಾರ ಎಂಟಡಿ. ಮೂರನೇ ವಾರ ಐದಡಿ. ಎರಡು ತಿಂಗಳಿಗೆ ನಾನು ಬರೋ ಸದ್ದು ಕೇಳಿದರೆ ತಟ್ಟೆಯಿಂದ ತಲೆ ಎತ್ತಿ ಬಾಲ ಆಡಿಸೋಕೆ ಶುರು ಮಾಡಿದಳು. ಮುಂಚೆ 'ಇವಳು ಬಂದ್ರೆ ಊಟ ಹೋಗುತ್ತೆ' ಅಂತಿದ್ದದ್ದು ಈಗ 'ಇವಳು ಬಂದ್ರೆ ಮೊಟ್ಟೆ ಬರುತ್ತೆ' ಅಂತ ಆಯಿತು.

ಜೊತೆಗೆ ಇನ್ನೂ ಕೆಲವು. ಟೇಬಲ್ ಕೆಳಗಿನ ದೋಸೆ ಬಂದ್. ಅಮ್ಮನೇ ಈಗ ಎಲ್ಲರಿಗಿಂತ ಸ್ಟ್ರಿಕ್ಟು. ಪಾಠ ಒಂದು ಸಲಕ್ಕೆ ಐದು ನಿಮಿಷ ಮಾತ್ರ, ದಿನಕ್ಕೆ ಎರಡು ಸಲ. ವಾಕಿಂಗ್‌ನಲ್ಲಿ ಫೋನ್ ಜೇಬಿನಲ್ಲಿ. ಅವಳು ಮೂಸುವಷ್ಟು ಹೊತ್ತು ನಾವೂ ನಿಲ್ಲೋದು. ನೆಂಟರು ಬಂದರೆ ರೂಮಿಗೆ ಅಡ್ಡ ಗೇಟು. ಮಕ್ಕಳ ಜೊತೆ ನಾಯಿಯನ್ನ ಒಂದು ನಿಮಿಷವೂ ಒಂಟಿಯಾಗಿ ಬಿಡೋದಿಲ್ಲ. ನಮ್ಮ ನಾಯಿ ಒಳ್ಳೇದು ಅಂತ ಎಷ್ಟೇ ನಂಬಿಕೆ ಇದ್ದರೂ ಈ ಕೊನೆಯದನ್ನ ನೀವೂ ಬಿಡಬೇಡಿ.

ಸಂಕ್ರಾಂತಿ

ನಾಲ್ಕು ತಿಂಗಳು ಅಕ್ಕ ನಮ್ಮ ಮನೆಗೆ ಬರಲಿಲ್ಲ. ಸಂಕ್ರಾಂತಿ ದಿನ ಎಳ್ಳು ಬೀರೋಕೆ ಅಂತ ಪುಟ್ಟಿಯನ್ನ ಕರೆದುಕೊಂಡು ಬಂದಳು. ಬಾಗಿಲಲ್ಲೇ ನಿಂತು, "ಒಳಗೆ ಕಟ್ಟಿದ್ದೀಯ ತಾನೇ?" ಅಂದಳು. "ಗೇಟ್ ಹಿಂದೆ ಇದ್ದಾಳೆ ಅಕ್ಕ" ಅಂದೆ.

ಪುಟ್ಟಿ ತಾನೇ ಕೇಳಿತು, ಮೊಟ್ಟೆ ಹಾಕಬಹುದಾ ಅಂತ. ಅಕ್ಕ ನನ್ನ ಮುಖ ನೋಡಿದಳು. ಗೇಟಿನಿಂದ ಆರಡಿ ದೂರದಲ್ಲಿ ನಿಲ್ಲಿಸಿದೆ. ಒಂದು ಚೂರು, ಎರಡು ಚೂರು, ಮೂರು. ರಾಗಿ ತಿಂದಳು. ಮಗುವಿಗೆ ಖುಷಿಯಾಗಿ ಒಂದು ಹೆಜ್ಜೆ ಮುಂದೆ ಬಂತು.

ರಾಗಿ ತಿನ್ನೋದನ್ನ ನಿಲ್ಲಿಸಿದಳು. ಕಣ್ಣು ಮಗುವಿನ ಮೇಲೆ. ಗಂಟಲಲ್ಲಿ, ಸಣ್ಣಗೆ, ಗುರ್ ಅಂದಳು.

ಅಕ್ಕ ಬೆಚ್ಚಿ ಮಗಳ ತೋಳು ಹಿಡಿದಳು. ನಾನೂ ಪುಟ್ಟಿಯನ್ನ ಎರಡು ಹೆಜ್ಜೆ ಹಿಂದಕ್ಕೆ ಕರೆದೆ. "ಸರಿ ಕಣೇ ರಾಗಿ, ಗೊತ್ತಾಯ್ತು" ಅಂದೆ. ನನ್ನ ಗಂಟಲು ಕಟ್ಟಿತ್ತು. "ಇದೇನೇ ಇದು, ಗುರ್ ಅಂದಿದ್ದಕ್ಕೆ ಅಳ್ತೀಯ?" ಅಂದಳು ಅಕ್ಕ. ನಾಲ್ಕು ತಿಂಗಳಿಂದ ಆ ಸದ್ದಿಗೆ ಕಾಯ್ತಿದ್ದೆ ಅಂತ ಅವಳಿಗೆ ಹೇಗೆ ಹೇಳೋದು? ಅವಳನ್ನ ಸೋಫಾ ಮೇಲೆ ಕೂರಿಸಿ, ಎಲ್ಲ ಮೊದಲಿಂದ ಹೇಳಿದೆ. ದಿನಪತ್ರಿಕೆ ವಿಷಯವನ್ನೂ.

ಇವತ್ತಿಗೂ ಪುಟ್ಟಿ ರಾಗಿಯನ್ನ ಮುದ್ದು ಮಾಡೋದಿಲ್ಲ. ಮುಂದೆಯೂ ಮಾಡೋದು ಬೇಡ ಅಂತಲೇ ನಾವು ತೀರ್ಮಾನ ಮಾಡಿದ್ದೀವಿ. ಗೇಟಿನ ಈ ಕಡೆಯಿಂದ 'ಸಿಟ್' ಅಂತ ಹೇಳಿ ಮೊಟ್ಟೆ ಎಸೀತಾಳೆ, ರಾಗಿ ಕೂತು ತಿಂತಾಳೆ. ಅವರಿಬ್ಬರಿಗೂ ಅಷ್ಟು ಸಾಕು.

ನಾಯಿ ಬಾಲ ಡೊಂಕು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಸೋಫಾ ಹಿಂದೆ ಹೋಗೋದು, ಟೇಬಲ್ ಕೆಳಗೆ ಕಾಯೋದು, ಕರೆದರೆ ಬಾರದಿರೋದು, ಸದ್ದಿಲ್ಲದೆ ಕಚ್ಚೋದು, ಇವೆಲ್ಲ ರಾಗಿಗೆ ನಾವು ದಿನಾ ತಪ್ಪದೇ ಹೇಳಿಕೊಟ್ಟ ಪಾಠ. ನಾವು ಹೇಳ್ತೀವಿ ಅಂದುಕೊಂಡಿದ್ದನ್ನ ಅವಳು ಕಲಿಯಲಿಲ್ಲ, ನಾವು ಮಾಡಿದ್ದನ್ನ ಕಲಿತಳು.

ಆಫೀಸಿನ ಆ ಹುಡುಗಿಗೆ ಅವತ್ತು ಒಂದೇ ಮಾತು ಹೇಳಿ ಕಳಿಸಿದೆ. ಮರಿ ಯಾವತ್ತಾದರೂ ಗುರ್ ಅಂದರೆ ಬೈಬೇಡ. ನಿಲ್ಲು, ಹಿಂದೆ ಸರಿ, ಯಾಕೆ ಅಂತ ನೋಡು. ಅದು ಇನ್ನೂ ನಿನ್ನ ಜೊತೆ ಮಾತಾಡ್ತಿದೆ ಅಂತ ಖುಷಿಪಡು.